ನೂರಕ್ಕೊಂದು ಕೂಗು ಕಡಿಮೆ

“ನಿಮ್ಮ ಆ್ಯಪು ಕಳ್ಳನ್ನ ಹಿಡ್ಕೊಡ್ತು ಕಣಮ್ಮ ಸಾಬಿರಾ,” ಎಂದು ಜ್ಯೋತಿಲಕ್ಷ್ಮಿ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದಾಗ ನನಗೆ ಮೊದಲು ಆದದ್ದು ಖುಷಿ. ಕಳ್ಳ ಯಾರು, ಏನು ಕದ್ದ ಎಂದು ಕೇಳುವುದಕ್ಕೂ ಮುಂಚೆ ಎದುರಿಗೆ ಕೂತಿದ್ದ ಮೋಹನ್‌ಗೆ ಹೆಬ್ಬೆರಳು ಎತ್ತಿ ತೋರಿಸಿದೆ. ನಮ್ಮ ಕೆಲಸವನ್ನು ಯಾರಾದರೂ ತಾವಾಗಿಯೇ ಫೋನ್ ಮಾಡಿ ಹೊಗಳುವುದು ಅಪರೂಪ. ಬರುವ ಫೋನುಗಳಲ್ಲಿ ಹೆಚ್ಚಿನವು ಬೈಗುಳದವೇ.

ನಾನು, ಮೋಹನ್ ಇಬ್ಬರೂ ತಿಪಟೂರಿನಲ್ಲೇ ಹುಟ್ಟಿ, ತಿಪಟೂರಿನಲ್ಲೇ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು. ಈಗ ನಮ್ಮ ಅಬ್ಬಾ ಮಹಮ್ಮದ್ ಇಸ್ಮಾಯಿಲ್ ಅವರ ಸ್ಕೂಟರ್ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಎರಡು ಮೇಜು ಹಾಕಿಕೊಂಡು ಸಾಫ್ಟ್‌ವೇರ್ ಮಾಡುತ್ತೇವೆ. ಕೆಳಗೆ ಅಬ್ಬಾ ಯಾವುದಾದರೂ ಗಾಡಿಯ ಆಕ್ಸಿಲರೇಟರ್ ತಿರುಚಿದರೆ ಮೇಲೆ ನಮ್ಮ ಲೋಟದ ಟೀ ನಡುಗುತ್ತದೆ. ನಾವು ಮಾಡಿದ ಆ್ಯಪುಗಳಲ್ಲಿ ಸ್ವಲ್ಪ ಹೆಸರು ಮಾಡಿದ್ದು ಒಂದೇ. ಅದಕ್ಕೆ ‘ಎಣಿಕೆ’ ಎಂದು ಹೆಸರಿಟ್ಟಿದ್ದೇವೆ.

ತೋಟಗಳಲ್ಲಿ ಕಾಯಿ ಎಣಿಸುವವರು ರಾಶಿಯಿಂದ ಒಂದೊಂದೇ ತೆಂಗಿನಕಾಯಿ ತೆಗೆದು ಇನ್ನೊಂದು ಕಡೆಗೆ ಎಸೆಯುತ್ತ ಗಟ್ಟಿಯಾಗಿ ಕೂಗುತ್ತಾರೆ. ನೂರನೆಯ ಕಾಯಿಯನ್ನು ಗುರುತಿಗೆಂದು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಕೊನೆಗೆ ಗುರುತಿನ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರು ಎಂದು ಗೊತ್ತಾಗುತ್ತದೆ, ಆಮೇಲೆ ಅವೂ ರಾಶಿಗೆ ಸೇರುತ್ತವೆ. ನಡುವೆ ಯಾರಾದರೂ ಮಾತಾಡಿಸಿದರೆ ಮಾತ್ರ ಲೆಕ್ಕ ತಪ್ಪಿತು, ಜಗಳ ಹತ್ತಿತು ಎಂದೇ ಅರ್ಥ. ನಮ್ಮ ಆ್ಯಪ್ ಇರುವ ಫೋನನ್ನು ಪಕ್ಕದ ಮರಕ್ಕೆ ನೇತುಹಾಕಿದರೆ ಆ ತಾಪತ್ರಯವಿಲ್ಲ. ಅದು ಕೂಗನ್ನು ಕೇಳಿಸಿಕೊಂಡು, ಒಂದು ಕೂಗಿಗೆ ಒಂದು ಕಾಯಿ ಎಂದು ಕೂಡಿಸುತ್ತ ಹೋಗುತ್ತದೆ. ಕೂಗಿದ್ದು ಎಷ್ಟನೆಯ ಸಂಖ್ಯೆ ಎಂದು ನೋಡುವುದಿಲ್ಲ, ಯಾಕೆಂದರೆ ಗರಿಗಳ ಸದ್ದಿನ ನಡುವೆ ಫೋನು ಅರವತ್ತೇಳನ್ನು ಎಪ್ಪತ್ತೇಳು ಎಂದು ಕೇಳಿಸಿಕೊಂಡುಬಿಡುತ್ತದೆ. ಕೇಳಿದ ಪದ ಸಂಖ್ಯೆ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ. ನಡುವೆ ಯಾರಾದರೂ ಕೆಮ್ಮಿದರೆ, ಬೀಡಿ ಕೇಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಜ್ಯೋತಿಲಕ್ಷ್ಮಿ ದಬ್ಬೇಘಟ್ಟದಿಂದ ಒಳಕ್ಕಿರುವ ಒಂದು ಹಳ್ಳಿಯ ಮಹಿಳಾ ಸಂಘದ ಅಧ್ಯಕ್ಷೆ. ಸಂಘದ ಹೆಂಗಸರ ಕಾಯಿಗಳನ್ನು ಅವರವರ ತೋಟದಲ್ಲೇ ಬೇರೆಬೇರೆಯಾಗಿ ಎಣಿಸಿ, ಒಟ್ಟಿಗೆ ಲಾರಿಗೆ ತುಂಬುತ್ತಾರೆ. ಹೋದ ವರ್ಷದಿಂದ ಎಲ್ಲ ತೋಟದಲ್ಲೂ ನಮ್ಮ ಆ್ಯಪೇ.

“ಕಳ್ಳ ಯಾರು ಜ್ಯೋತಕ್ಕ?”

“ಇನ್ಯಾರು, ನಮ್ಮೆಲ್ರ ತೋಟ್ದಲ್ಲೂ ಕಾಯಿ ಎಣ್ಸೋ ಹುಚ್ಚಣ್ಣ. ನೂರು ಅಂತ ಕೂಗ್ತಾನೆ, ಫೋನ್ ನೋಡುದ್ರೆ ತೊಂಬತ್ತೊಂಬತ್ತು ತೋರ್ಸುತ್ತೆ. ಒಂದ್ಸಲ ಅಲ್ಲ, ಪ್ರತಿ ನೂರಕ್ಕೂ ಹಂಗೇ. ಗುರುತಿಗೆ ಅಂತ ಪಕ್ಕಕ್ಕಿಡ್ತಾನಲ್ಲ, ಆ ಕಾಯೆಲ್ಲ ಮನೆಗೆ ಹೋಯ್ತಾ ಅವೆ ಕಣಮ್ಮ. ಭಾನುವಾರ ಸಂಘದ ಮೀಟಿಂಗ್ ಕರ್ದಿದೀನಿ. ಇನ್ಮೇಲೆ ಅವ್ನು ಯಾರ ತೋಟಕ್ಕೂ ಕಾಲಿಡಂಗಿಲ್ಲ.”

ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಬೀಗಿದೆ. ಆಮೇಲೆ ಒಳಗೆ ಏನೋ ಕೊರೆಯತೊಡಗಿತು. ಗ್ಯಾರೇಜಿನಲ್ಲಿ ಬೆಳೆದ ನನಗೆ ಒಂದು ಕೆಟ್ಟ ಚಟವಿದೆ, ಸರಿಯಾಗಿ ಓಡುತ್ತಿರುವುದನ್ನೂ ಬಿಚ್ಚಿ ನೋಡದೆ ಇರಲಾರೆ. ನಮ್ಮ ಆ್ಯಪಿಗೆ ಕಾಯಿ ಕಾಣುವುದಿಲ್ಲ. ಅದಕ್ಕೆ ಕೂಗು ಮಾತ್ರ ಕೇಳುತ್ತದೆ. ಹುಚ್ಚಣ್ಣ ಕಾಯಿ ಕದಿಯುವವನೇ ಆಗಿದ್ದರೆ ಕಾಯಿ ಕಡಿಮೆಯಾಗಬೇಕಿತ್ತು, ಕೂಗು ಪೂರ್ತಿ ನೂರೇ ಇರಬೇಕಿತ್ತು. ಕಳ್ಳನಾದವನು ಕಾಯಿ ಕದ್ದಾನು, ಕೂಗನ್ನು ಯಾಕೆ ಕದಿಯುತ್ತಾನೆ?

ಮೋಹನ್‌ಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ಬುಡೇ ಸಾಬಿರಾ, ಅವರೇ ಖುಷಿಯಾಗಿದಾರೆ. ನಮಗ್ಯಾಕೆ ಊರ ಉಸಾಬರಿ?”

“ನಮ್ಮ ಆ್ಯಪ್ ಸಾಕ್ಷಿ ಹೇಳ್ತಾ ಇದೆ ಕಣೋ. ಸುಳ್ಳು ಸಾಕ್ಷಿ ಆದ್ರೆ?”

ಅವನು ಭುಜ ಕುಣಿಸಿದ. ನನಗೆ ಕೋಪ ಬಂತು. ನನಗೆ ಕೋಪ ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ, ಇದು ಮೋಹನ್‌ಗೂ ಗೊತ್ತು. ಹೆಲ್ಮೆಟ್ ತೆಗೆದುಕೊಂಡು ಕೆಳಗಿಳಿದೆ, ಸ್ಕೂಟರ್ ಹತ್ತಿ ತುರುವೇಕೆರೆ ದಾರಿ ಹಿಡಿದೆ.

ಹಳ್ಳಿ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಜ್ಯೋತಿಲಕ್ಷ್ಮಿಯ ಮನೆಗೆ ಹೋದರೆ ಮಾತಿನಲ್ಲೇ ಸಂಜೆಯಾಗುತ್ತದೆಂದು ನೇರವಾಗಿ ಹುಚ್ಚಣ್ಣನ ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ಅವರ ಹೆಂಡತಿ ಚಿಕ್ಕಗಂಗಮ್ಮ ಒಣಗಿದ ಗರಿಯಿಂದ ಕಡ್ಡಿ ಸೀಳಿ ಪೊರಕೆಗೆ ಜೋಡಿಸುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಕೈ ನಿಂತಿತು.

“ಆ ಫೋನಿನೋಳು ನೀನೇನಾ?” ಎಂದರು. “ನೆನ್ನೆಯಿಂದ ಉಂಡಿಲ್ಲ ಕಣವ್ವ ಅವ್ರು. ಗ್ವಾಡೆ ಕಡೆ ಮುಖ ಮಾಡ್ಕೊಂಡು ಮಲ್ಗವ್ರೆ. ನಾನೂ ಸಂಘದೋಳೇ. ಭಾನುವಾರ ನಾನೂ ಕೈ ಎತ್ಬೇಕಂತೆ, ನನ್ ಗಂಡನ್ನ ಬ್ಯಾಡ ಅಂತ.”

ಅಷ್ಟು ಹೊತ್ತಿಗೆ ಹುಚ್ಚಣ್ಣನೇ ಬಾಗಿಲಿಗೆ ಬಂದರು. ಎಪ್ಪತ್ತು ದಾಟಿದ ಮನುಷ್ಯ, ಗಟ್ಟಿ ಮೈ. ಕೂಗಿ ಕೂಗಿ ಒರಟಾದ ಗಂಟಲು.

“ನಾನು ಎಣ್ಸುದ್ಮೇಲೆ ಈ ಸೀಮೇಲಿ ಇನ್ನೊಬ್ರು ಎಣ್ಸ್ತಿರ್ಲಿಲ್ಲ. ಈಗ ಮರಕ್ಕೆ ನೇತಾಕಿರೋ ಡಬ್ಬ ನನ್ನ ಕಳ್ಳ ಅಂತದೆ. ಅದೇ ಸತ್ಯ ಆಯ್ತು, ನಾನ್ ಸುಳ್ಳಾದೆ. ನೋಡಕೆ ಬಂದ್ಯಾ? ನೋಡ್ಕೊಂಡೋಗು.”

“ತಾತ, ಆ ಡಬ್ಬಕ್ಕೆ ಕಣ್ಣಿಲ್ಲ,” ಎಂದೆ. “ನೀವು ಎಷ್ಟು ಕಾಯಿ ಎಸೆದ್ರಿ ಅಂತ ಅದಕ್ಕೆ ಗೊತ್ತೇ ಆಗಲ್ಲ. ಬರೀ ಕಿವಿ ಇರೋದು. ನಿಮ್ಮ ಕೂಗಲ್ಲಿ ಯಾವುದೋ ಒಂದು ಅದಕ್ಕೆ ಕೇಳಿಸ್ತಾ ಇಲ್ಲ. ಯಾವುದು ಅಂತ ನನಗೆ ಗೊತ್ತಾಗ್ಬೇಕು.”

“ಕಿವೀನೂ ನೆಟ್ಟಗಿಲ್ಲ ಅನ್ನು,” ಎಂದರು ಚಿಕ್ಕಗಂಗಮ್ಮ.

ಹುಚ್ಚಣ್ಣ ಒಲ್ಲೆ ಎಂದರು. ನಾನು ಬಿಡಲಿಲ್ಲ. ಕೊನೆಗೆ ಚಿಕ್ಕಗಂಗಮ್ಮನೇ ಎದ್ದು, ಗೋಡೆಯ ಬದಿಗೆ ಒಟ್ಟಿದ್ದ ತಮ್ಮ ಮನೆಯ ಕಾಯಿಗಳನ್ನು ಗಂಡನ ಕಾಲ ಬಳಿಗೆ ಉರುಳಿಸಿದರು. ನಾಲ್ಕು ಕಾಯಿ ಎಣಿಸಿದರೂ ಸಾಕು ಎಂದೆ. ಫೋನನ್ನು ಕೈಯಲ್ಲೇ ಹಿಡಿದು ತೆರೆಯ ಮೇಲೆ ಕಣ್ಣಿಟ್ಟೆ. ವಯಸ್ಸಾದವರ ದನಿ, ಹಲ್ಲಿಲ್ಲದ ಬಾಯಿ, ಯಾವುದೋ ಒಂದು ಸಂಖ್ಯೆ ಮಸುಕಾಗಿ ಕೇಳುತ್ತಿರಬೇಕು ಎಂಬುದು ನನ್ನ ಊಹೆಯಾಗಿತ್ತು.

ಅವರು ಬಗ್ಗಿ ಮೊದಲನೆಯ ಕಾಯಿ ಎತ್ತಿ ಎಸೆದರು.

“ಲಾಭ.”

ತೆರೆಯ ಮೇಲಿನ ಸೊನ್ನೆ ಅಲುಗಲಿಲ್ಲ.

“ಎರಡು.”

ತೆರೆಯ ಮೇಲೆ ಒಂದು ಬಂತು.

“ಮೂರು.” ಎರಡು ಬಂತು.

ನಾನು ಅವರನ್ನು ತಡೆದೆ. “ತಾತ, ಮೊದಲು ಏನಂದ್ರಿ?”

“ಲಾಭ ಅಂದೆ. ಇನ್ನೇನಂತಾರೆ?”

ಚಿಕ್ಕಗಂಗಮ್ಮ ನನ್ನ ಮುಖ ನೋಡಿ ನಕ್ಕರು. “ಕಾಯಿ ಎಣ್ಸುದ್ರೂ ಅಷ್ಟೇ, ರಾಗಿ ಅಳುದ್ರೂ ಅಷ್ಟೇ ಕಣವ್ವ. ಮೊದಲ್ನೇದಕ್ಕೆ ಒಂದು ಅನ್ನಲ್ಲ, ಲಾಭ ಅಂತಾರೆ. ಆಮೇಲೆ ಎರಡು, ಮೂರು. ಬರೋದು ಬತ್ತಾ ಇರ್ಲಿ ಅಂತ. ನಿಮ್ ಪ್ಯಾಟೇಲಿ ಹಂಗೆ ಎಣ್ಸಲ್ವಾ?”

ನಮ್ಮ ಪೇಟೆಯಲ್ಲಿ ಯಾರಾದರೂ ಎಣಿಸುತ್ತಾರೋ ಏನೋ, ನಾನಂತೂ ಕೇಳಿರಲಿಲ್ಲ. ತೆಂಗಿನ ಸೀಮೆಯಲ್ಲೇ ಹುಟ್ಟಿದ್ದರೂ ನಾನು ರಾಶಿಯ ಮುಂದೆ ನಿಂತವಳಲ್ಲ. ನಮ್ಮ ಮನೆಗೆ ಬರುವುದು ಅಂಗಡಿಯಿಂದ ತರುವ ಎರಡು ಕಾಯಿ. ಆ್ಯಪ್ ಮಾಡುವಾಗ ನಾವು ಪರೀಕ್ಷೆಗೆ ಎಣಿಸಿದ್ದು ಗ್ಯಾರೇಜಿನ ನಟ್ಟುಗಳನ್ನು, ಅದೂ ಒಂದು, ಎರಡು, ಮೂರು ಎಂದು ಶಾಲೆಯಲ್ಲಿ ಕಲಿತ ಹಾಗೆ. ಪ್ರತಿ ನೂರೂ ಲಾಭದಿಂದ ಶುರುವಾಗುತ್ತದೆ, ಪ್ರತಿ ನೂರಕ್ಕೂ ಒಂದು ಕೂಗು ತಪ್ಪುತ್ತದೆ. ಗುಟ್ಟು ಇಷ್ಟೇ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆ ಸಂತೋಷ ಜ್ಯೋತಿಲಕ್ಷ್ಮಿಯ ಮನೆಯ ಜಗುಲಿಯವರೆಗೆ ಮಾತ್ರ ಉಳಿಯಿತು. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಟೀ ಕೊಟ್ಟರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಹೋದ ವರ್ಷವೂ ಹುಚ್ಚಣ್ಣ ಲಾಭ ಅಂತ್ಲೇ ಕೂಗ್ತಿದ್ದ. ಅವಾಗ ನಿಮ್ಮ ಫೋನು ನೂರಕ್ಕೆ ನೂರೂ ತೋರ್ಸ್ತಿತ್ತು, ನಾನೇ ಕಣ್ಣಾರೆ ನೋಡಿದೀನಿ. ಫೋನಿಗೆ ಲಾಭ ಅನ್ನೋದೇ ಗೊತ್ತಿಲ್ಲ ಅನ್ನೋದಾದ್ರೆ ಅವಾಗ ಹೆಂಗೆ ಗೊತ್ತಿತ್ತು?”

ನಾನು ಟೀ ಲೋಟವನ್ನು ಜಗುಲಿಯ ಮೇಲಿಟ್ಟೆ.

“ಹೇಳು ಮತ್ತೆ. ಕೂಗು ಹೋದ ವರ್ಷದ್ದೇ, ಫೋನೂ ಹೋದ ವರ್ಷದ್ದೇ. ಬದ್ಲಾಗಿರೋದು ಅವನ ಬುದ್ಧಿ. ಅವ್ನು ನಂಗೂ ಬೇಕಾದೋನೇ ಸಾಬಿರಾ. ಆದ್ರೆ ನಾಳೆ ಹೆಂಗಸ್ರು ನನ್ನ ಕೇಳ್ತಾರೆ, ಅಧ್ಯಕ್ಷೆ ಆಗಿ ಏನ್ ಮಾಡ್ತಾ ಇದ್ದೆ ಅಂತ. ನೀನು ಸರಿಯಾಗಿ ಉತ್ತರ ಹೇಳು, ನಾನು ಮೀಟಿಂಗ್ ನಿಲ್ಲುಸ್ತೀನಿ. ಇಲ್ದಿದ್ರೆ ಭಾನುವಾರ ಭಾನುವಾರವೇ.”

ಅವರ ಮೇಲೆ ಸಿಟ್ಟು ಬಂದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಕೂಟರಿನ ಮೇಲೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಈಗ ಯಾಕೆ ಗೊತ್ತಿಲ್ಲ ಎಂಬುದಕ್ಕಿಂತ, ಆಗ ಹೇಗೆ ಗೊತ್ತಿತ್ತು ಎಂಬುದೇ ನನ್ನನ್ನು ಹೆಚ್ಚು ಕಾಡಿತು. ನಾನು ಹುಟ್ಟಿದಾಗಿನಿಂದ ಕೇಳದ ಪದವನ್ನು ನನ್ನ ಆ್ಯಪಿಗೆ ಯಾರು ಕಲಿಸಿದ್ದರು?

ಮಾರನೆಯ ದಿನ ಆಫೀಸಿಗೆ ಕಾಲಿಟ್ಟವಳೇ ಮೋಹನ್‌ನನ್ನು ವಿಚಾರಣೆಗೆ ಕೂರಿಸಿದೆ.

“ನೀನು ಲಾಭ ಅಂತ ಏನಾದ್ರೂ ಸೇರಿಸಿದ್ದೆಯಾ? ಆಮೇಲೆ ತೆಗೆದೆಯಾ?”

“ಲಾಭಾನಾ? ನಮ್ಮ ಕಂಪನೀಲಿ ಅದೆಲ್ಲಿದೆ ಕಣೇ?” ಎಂದು ನಕ್ಕ. ನನ್ನ ಮುಖ ನೋಡಿ ನಗುವನ್ನು ಅಲ್ಲಿಗೇ ನಿಲ್ಲಿಸಿದ. “ನಿಜವಾಗ್ಲೂ ಎಣಿಸೋ ಭಾಗ ನಾವು ಮುಟ್ಟೇ ಇಲ್ಲ. ಅಕ್ಷರ ದಪ್ಪ ಮಾಡು, ಕಾಣಲ್ಲ ಅಂತ ಜ್ಯೋತಕ್ಕ ಪ್ರಾಣ ತಿಂತಿದ್ರಲ್ಲ, ಹೋದ ತಿಂಗಳು ಅದೊಂದನ್ನ ಮಾಡಿ ಹೊಸ ಆ್ಯಪ್ ಕಳಿಸ್ದೆ. ಅಕ್ಷರ ದಪ್ಪ ಆದ್ರೆ ಕಿವಿ ಕೆಪ್ಪಾಗುತ್ತಾ?”

ಅವನ ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ಫೋನು ಬಿದ್ದಿತ್ತು. ಪರೀಕ್ಷೆಗೆಂದು ಇಟ್ಟುಕೊಂಡಿದ್ದು, ಬಹಳ ದಿನದಿಂದ ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ಹೋದ ವರ್ಷದ ಆ್ಯಪ್ ಹಾಗೆಯೇ ಇತ್ತು. ಚಾರ್ಜಿಗೆ ಹಾಕಿ, ಅದನ್ನೂ ನನ್ನ ಹೊಸ ಫೋನನ್ನೂ ಪಕ್ಕಪಕ್ಕ ಇಟ್ಟು, “ಲಾಭ” ಎಂದು ಗಟ್ಟಿಯಾಗಿ ಹೇಳಿದೆ.

ಹಳೆಯ ಫೋನಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಂದು ಬಂತು. ಹೊಸದರಲ್ಲಿ ದಪ್ಪ ಅಕ್ಷರದಲ್ಲಿ ಸೊನ್ನೆ ಹಾಗೆಯೇ ಇತ್ತು.

ಮೋಹನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಲಾಭ,” ಎಂದ. ಹಳೆಯದರಲ್ಲಿ ಎರಡಾಯಿತು. ಇಬ್ಬರೂ ಹುಚ್ಚರ ಹಾಗೆ ಲಾಭ, ಲಾಭ ಎಂದು ಕೂಗುತ್ತ ಕೂತೆವು. ಕೆಳಗಿನಿಂದ ಅಬ್ಬಾ, “ಏನು, ಮೇಲೆ ಮಂಡಿ ಶುರು ಮಾಡಿದ್ರಾ?” ಎಂದು ಕೇಳಿದರು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಸಾಫ್ಟ್‌ವೇರ್ ಮಾಡುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಯಾರೋ ಬರೆದು ಎಲ್ಲರಿಗೂ ಪುಕ್ಕಟೆಯಾಗಿ ಇಂಟರ್ನೆಟ್ಟಿನಲ್ಲಿಟ್ಟ ತುಣುಕುಗಳನ್ನು ತಂದು ಸೇರಿಸಿಕೊಳ್ಳುತ್ತಾರೆ. ಅವಕ್ಕೆ ಲೈಬ್ರರಿ ಎನ್ನುತ್ತಾರೆ. ಕನ್ನಡದ ಯಾವ ಪದ ಸಂಖ್ಯೆ, ಯಾವುದು ಅಲ್ಲ ಎಂದು ಹೇಳುವ ಭಾಗ ನಮ್ಮದಲ್ಲ, ಅಂಥದೊಂದು ಲೈಬ್ರರಿಯದು. ಯಾವ ಯಾವ ಲೈಬ್ರರಿ ಬೇಕು, ಅದರ ಎಷ್ಟನೆಯ ಆವೃತ್ತಿ ಬೇಕು ಎಂದು ಒಂದು ಕಡತದಲ್ಲಿ ಬರೆದಿಟ್ಟಿರುತ್ತೇವೆ. ಆ್ಯಪನ್ನು ಹೊಸದಾಗಿ ಕಟ್ಟುವಾಗಲೆಲ್ಲ ಕಂಪ್ಯೂಟರು ಆ ಕಡತ ನೋಡಿ, ಹೇಳಿದ್ದನ್ನು ಹೇಳಿದ ಹಾಗೆ ತಂದು ಜೋಡಿಸುತ್ತದೆ.

ಆ ಕಡತವನ್ನು ತೆರೆದೆ. ಸಂಖ್ಯೆಯ ಲೈಬ್ರರಿಯ ಮುಂದೆ ಆವೃತ್ತಿ ಬರೆದಿರಲಿಲ್ಲ. ‘ಯಾವುದು ಹೊಸದೋ ಅದು’ ಎಂಬ ಅರ್ಥದ ಗುರುತು ಹಾಕಿತ್ತು.

ಅಂದರೆ ಮೋಹನ್ ಅಕ್ಷರ ದಪ್ಪ ಮಾಡಿ ಆ್ಯಪ್ ಕಟ್ಟಿದಾಗ ಕಂಪ್ಯೂಟರು ನಮ್ಮನ್ನು ಕೇಳದೆ ಆ ಲೈಬ್ರರಿಯ ಹೊಸ ಆವೃತ್ತಿಯನ್ನು ತಂದು ಒಳಗಿಟ್ಟಿತ್ತು. ನಾವು ಕದಕ್ಕೆ ಬಣ್ಣ ಬಳಿದು ಬಂದೆವು ಎಂದುಕೊಂಡಿದ್ದರೆ ಒಳಗೆ ಒಲೆಯೇ ಬದಲಾಗಿತ್ತು.

ಮೋಹನ್‌ಗೆ ಮನಸಾರೆ ಬೈದೆ. ಅವನು ಸುಮ್ಮನೆ ಕೇಳಿಸಿಕೊಂಡು, ಕಡತದ ಉಳಿದ ಸಾಲುಗಳ ಮೇಲೆ ಬೆರಳಿಟ್ಟ. ಅರ್ಧ ಸಾಲುಗಳಿಗೆ ಅದೇ ಗುರುತಿತ್ತು, ಅವನ್ನೆಲ್ಲ ಹಾಕಿದ್ದು ನಾನು. ಅಲ್ಲಿಗೆ ಬೈಗುಳ ಮುಗಿಯಿತು.

ಟೀ ತಂದ ಅಬ್ಬಾ ಬಾಗಿಲಲ್ಲೇ ನಿಂತು ವಿಷಯ ಏನೆಂದು ಕೇಳಿದರು. ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

“ಗಾಡಿಗೆ ಬಣ್ಣ ಹೊಡೀರಿ ಅಂತ ಬಿಟ್ಟು ಹೋದ್ರೆ, ಬ್ರೇಕ್ ಬದಲಾಯಿಸಿ ಕಳಿಸಿದ್ದೀರ. ಅದೂ ನಿಮಗೇ ಗೊತ್ತಿಲ್ಲದ ಹಾಗೆ. ನಾನು ಹಂಗೆ ಮಾಡಿದ್ದಿದ್ರೆ ಈ ಗ್ಯಾರೇಜು ಇರ್ತಿರ್ಲಿಲ್ಲ,” ಎಂದು ಲೋಟ ಇಟ್ಟು ಹೋದರು.

ಆದರೆ ನನ್ನ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಇಂಥ ಲೈಬ್ರರಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ, ಯಾರು ಯಾವಾಗ ಏನು ಸೇರಿಸಿದರು, ಏನು ತೆಗೆದರು ಎಂಬುದೆಲ್ಲ ಬಹಿರಂಗವಾಗಿಯೇ ಇರುತ್ತದೆ. ಇತ್ತೀಚಿನದನ್ನು ನೋಡಿದೆ. ದೂರದ ಯಾವುದೋ ನಗರದ ಒಬ್ಬರು ಇಡೀ ಲೈಬ್ರರಿಯನ್ನು ಗುಡಿಸಿ ಚೊಕ್ಕಟ ಮಾಡಿದ್ದರು. ‘ಸಂಖ್ಯೆಯಲ್ಲದ ಪದವನ್ನು ತೆಗೆದಿದ್ದೇನೆ’ ಎಂದು ಬರೆದಿದ್ದರು. ತೆಗೆದದ್ದು ಒಂದೇ ಪದ. ಅವರ ಮೇಲೂ ಸ್ವಲ್ಪ ಹೊತ್ತು ಸಿಟ್ಟು ಮಾಡಿಕೊಂಡೆ. ಆಮೇಲೆ ಯೋಚಿಸಿದರೆ, ಮೊನ್ನೆಯವರೆಗೆ ಆ ಪದ ನನ್ನ ಕಣ್ಣಿಗೆ ಬಿದ್ದಿದ್ದರೆ ನಾನೂ ಅದನ್ನು ಗುಡಿಸಿ ಹಾಕುತ್ತಿದ್ದೆ.

ಸೇರಿಸಿದವರು ಯಾರು ಎಂದು ಹಿಂದಕ್ಕೆ ಹೋದೆ. ಲೈಬ್ರರಿ ಹುಟ್ಟಿದ ಹೊಸದರಲ್ಲಿ ಒಬ್ಬರು ಒಂದೇ ಒಂದು ಸಾಲು ಬರೆದು, ಮತ್ತೆಂದೂ ಇತ್ತ ಸುಳಿಯದೆ ಹೋಗಿದ್ದರು. ಹೆಸರು ಪವಿತ್ರಾ. ಯಾವ ಊರು, ಏನು ಮಾಡುತ್ತಾರೆ, ಒಂದೂ ಇರಲಿಲ್ಲ. ಒಂದು ಇ-ಮೇಲ್ ವಿಳಾಸವಿತ್ತು.

ಹುಚ್ಚಣ್ಣನ ಕತೆಯನ್ನೆಲ್ಲ ಬರೆದು ಕಳಿಸಿದೆ. ಕೊನೆಯಲ್ಲಿ ನಾಚಿಕೆ ಬಿಟ್ಟು, ನೀವು ಯಾರು, ಈ ಪದ ನಿಮಗೆ ಹೇಗೆ ಗೊತ್ತು ಎಂದೂ ಕೇಳಿದೆ. ಇದರಿಂದ ಹುಚ್ಚಣ್ಣನಿಗೆ ಏನೂ ಆಗಬೇಕಾಗಿರಲಿಲ್ಲ. ನನಗೆ ತಿಳಿಯಬೇಕಿತ್ತು, ಅಷ್ಟೇ.

ಮೋಹನ್ ಕಡತದ ಪ್ರತಿ ಸಾಲಿನ ಮುಂದೆಯೂ ಇದೇ ಆವೃತ್ತಿ ಬೇಕು, ಬೇರೆ ಬೇಡ ಎಂದು ಬರೆದ. ಲಾಭವಿರುವ ಹಳೆಯ ಆವೃತ್ತಿಯ ಒಂದು ಪ್ರತಿಯನ್ನು ನಮ್ಮಲ್ಲೇ ಇಟ್ಟುಕೊಂಡೆವು, ನಾಳೆ ಅಲ್ಲಿಂದ ಅದನ್ನು ಯಾರಾದರೂ ಅಳಿಸಿದರೂ ನಮಗೆ ತೊಂದರೆಯಾಗದ ಹಾಗೆ. ಇನ್ನು ಮುಂದೆ ಆ್ಯಪ್ ಕಟ್ಟುವಾಗಲೆಲ್ಲ ಕಂಪ್ಯೂಟರು ಮೊದಲು ಲಾಭ ಎಂಬ ಕೂಗನ್ನು ಕೇಳಿಸಿಕೊಂಡು ಒಂದು ಎನ್ನಬೇಕು, ಎನ್ನದಿದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು ಎಂದೂ ಗೊತ್ತುಮಾಡಿದೆವು. ಇದನ್ನೆಲ್ಲ ಮೊದಲೇ ಮಾಡಬೇಕಿತ್ತು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಶನಿವಾರ ಪವಿತ್ರಾ ಅವರ ಉತ್ತರ ಬಂತು. ಚಿಕ್ಕನಾಯಕನಹಳ್ಳಿಯ ಗುಡ್ಡದ ಕಡೆಯ ಊರಿನವರಂತೆ. ಆಗಿನ್ನೂ ಕಾಲೇಜು ಓದುತ್ತಿದ್ದರಂತೆ. ‘ಈ ಲೈಬ್ರರಿ ಸರಿಯಾಗಿ ಕೆಲಸ ಮಾಡುತ್ತದೆಯೇ ನೋಡೋಣ ಎಂದು ನಮ್ಮಜ್ಜಿ ಶಿವರುದ್ರಮ್ಮ ರಾಗಿ ಅಳೆಯುವಾಗ ಫೋನ್ ಹಿಡಿದಿದ್ದೆ,’ ಎಂದು ಬರೆದಿದ್ದರು. ‘ಪ್ರತಿ ಸಲವೂ ಮೊದಲನೆಯ ಸೇರು ತಪ್ಪಿಹೋಗುತ್ತಿತ್ತು. ಅಜ್ಜಿ, ಲಾಭ ಅನ್ನಬೇಡ, ಒಂದು ಅನ್ನು ಎಂದೆ. ಅಜ್ಜಿ ಸುತರಾಂ ಒಪ್ಪಲಿಲ್ಲ, ನಿನ್ನ ಫೋನಿಗೇ ಹೇಳಿಕೊಡು ಎಂದಳು. ಹೇಳಿಕೊಟ್ಟೆ. ಅದನ್ನು ತೆಗೆದುಹಾಕಿದ್ದಾರೆಂದು ನಿಮ್ಮಿಂದಲೇ ಗೊತ್ತಾಯಿತು. ಮತ್ತೆ ಸೇರಿಸಿ ಎಂದು ಅವರಿಗೆ ಬರೆಯುತ್ತೇನೆ. ಅಜ್ಜಿ ಈಗಿಲ್ಲ.’

ಆ ಕೊನೆಯ ಎರಡು ಪದವನ್ನು ಮತ್ತೊಮ್ಮೆ ಓದಿದೆ. ನಾನು ಕಂಡೇ ಇರದ ಒಬ್ಬ ಅಜ್ಜಿಯ ಹಟ ಒಂದು ವರ್ಷ ನಮ್ಮ ಆ್ಯಪಿನ ಒಳಗೆ ಕೂತು, ತಾನು ಕಂಡೇ ಇರದ ಹುಚ್ಚಣ್ಣನ ಮಾನ ಕಾದಿತ್ತು. ಅಕ್ಷರ ದಪ್ಪ ಮಾಡುವ ಭರದಲ್ಲಿ ನಾವು ಅವಳನ್ನು ಹೊರಗೆ ಕಳಿಸಿದ್ದೆವು.

ಭಾನುವಾರ ಮೋಹನ್ ಕೂಡ ಬಂದ. ಜ್ಯೋತಿಲಕ್ಷ್ಮಿಯ ತೋಟದಲ್ಲಿ ಹೆಂಗಸರು ಮಟ್ಟೆಗಳ ಮೇಲೆ, ಕಟ್ಟೆಯ ಮೇಲೆ ಸಿಕ್ಕಲ್ಲಿ ಕೂತಿದ್ದರು. ಚಿಕ್ಕಗಂಗಮ್ಮ ಒಂದು ತುದಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ ಜಾಗದ ಸುತ್ತ ಯಾರೂ ಇರಲಿಲ್ಲ. ಹುಚ್ಚಣ್ಣ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ದೂರದ ಮರಕ್ಕೆ ಒರಗಿ ನಿಂತಿದ್ದರು.

ನಾನು ಎರಡು ಫೋನನ್ನು ಒಂದೇ ಮರಕ್ಕೆ ನೇತುಹಾಕಿದೆ. ಒಂದು ಜ್ಯೋತಿಲಕ್ಷ್ಮಿಯದು, ಅದರಲ್ಲಿ ಈಗ ಸರಿಮಾಡಿದ ಆ್ಯಪ್ ಇತ್ತು. ಇನ್ನೊಂದು ನನ್ನದು, ಅದರಲ್ಲಿ ಕೆಟ್ಟ ಆ್ಯಪನ್ನು ಬೇಕೆಂದೇ ಹಾಗೆ ಉಳಿಸಿಕೊಂಡಿದ್ದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಲಾಭ ಎಂಬುದನ್ನು ನಾವು ಕಲಿಸಿರಲಿಲ್ಲ, ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಅಜ್ಜಿಯ ಮೊಮ್ಮಗಳು ಕಲಿಸಿದ್ದಳು, ಇನ್ಯಾರೋ ತೆಗೆದರು, ನಾವು ನೋಡದೆ ಅದನ್ನೇ ನಿಮ್ಮ ಫೋನಿಗೆ ಕಳಿಸಿದೆವು ಎಂದೆ.

“ಯಾವಾಗ ಕಳಿಸಿದ್ದು?” ಎಂದು ಜ್ಯೋತಿಲಕ್ಷ್ಮಿ ಕೇಳಿದರು.

“ಅಕ್ಷರ ದಪ್ಪ ಮಾಡಿದಾಗ.”

ಅವರು ಮರಕ್ಕೆ ನೇತುಹಾಕಿದ್ದ ತಮ್ಮ ಫೋನಿನ ಕಡೆ ನೋಡಿದರು. “ಅಂದ್ರೆ ನನ್ನಿಂದ ಆಯ್ತಾ?”

“ನಿಮ್ಮಿಂದಲ್ಲ ಜ್ಯೋತಕ್ಕ, ನಮ್ಮಿಂದ. ನೀವು ಕೇಳಿದ್ದು ಅಕ್ಷರ ಅಷ್ಟೇ. ಈಗ ಹುಚ್ಚಣ್ಣ ತಾತ ಒಂದ್ಸಲ ಎಣಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ.”

ಎಲ್ಲರೂ ಮರದ ಕಡೆ ತಿರುಗಿದರು. ಹುಚ್ಚಣ್ಣ ನಿಧಾನವಾಗಿ ಬಂದು ರಾಶಿಯ ಮುಂದೆ ನಿಂತರು. ಯಾರ ಮುಖವನ್ನೂ ನೋಡಲಿಲ್ಲ.

“ಇಷ್ಟೆಲ್ಲ ರಾಮಾಣ್ಯ ಯಾಕವ್ವ,” ಎಂದರು ನನಗೆ. “ಇನ್ಮೇಲೆ ನಾನೇ ಒಂದು ಅಂತ್ಲೇ ಶುರು ಮಾಡ್ತೀನಿ ಬುಡು. ನಾಳೆ ಇನ್ಯಾರೋ ಇನ್ನೇನೋ ತೆಗೀತಾರೆ, ನೀನೆಷ್ಟು ಸತಿ ಅಂತ ಓಡ್ಬತ್ತೀಯ. ನನ್ ಬಾಯಿಗೇನು, ಹೆಂಗೆ ಹೇಳುದ್ರೆ ಹಂಗೆ ಅಂತದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಅವರು ಬಗ್ಗಿ ಒಂದು ಕಾಯಿ ಎತ್ತಿಕೊಂಡರು. ಕೂಗಲು ಬಾಯಿ ತೆರೆದರು. ಏನೂ ಹೊರಡಲಿಲ್ಲ. ಕಾಯಿ ಕೈಯಲ್ಲೇ ಉಳಿಯಿತು. ಇನ್ನೊಮ್ಮೆ ತೆರೆದರು, ಮುಚ್ಚಿದರು. ಮರದ ಮೇಲಿನ ಎರಡೂ ಫೋನುಗಳಲ್ಲಿ ಸೊನ್ನೆಯಿತ್ತು.

ಜ್ಯೋತಿಲಕ್ಷ್ಮಿ ಕಟ್ಟೆಯಿಂದ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಚ್ಚಣ್ಣನ ಹತ್ತಿರ ಬಂದರು. ಹುಚ್ಚಣ್ಣನ ಕೈಯಿಂದ ಆ ಕಾಯಿಯನ್ನು ತೆಗೆದುಕೊಂಡು, ಆಚೆ ಕಡೆಗೆ ಎಸೆದು, ತೋಟದ ಕೊನೆಯವರೆಗೂ ಕೇಳುವ ಹಾಗೆ ಕೂಗಿದರು.

“ಲಾಭ.”

ಹುಚ್ಚಣ್ಣ ಅವರ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಟವೆಲಿನಿಂದ ಕಣ್ಣು ಒರೆಸಿಕೊಂಡು, ಬಗ್ಗಿ ಮುಂದಿನ ಕಾಯಿ ಎತ್ತಿಕೊಂಡರು.

“ಎರಡು,” ಎಂದರು.

ಜ್ಯೋತಿಲಕ್ಷ್ಮಿಯ ಫೋನಿನಲ್ಲಿ, ಅವರೇ ಕೇಳಿ ಮಾಡಿಸಿಕೊಂಡ ದಪ್ಪ ಅಕ್ಷರದಲ್ಲಿ, ಎರಡು ಎಂದು ಮೂಡಿತು.